ತಳದಲ್ಲಿ ಒಂದು

ಏಪ್ರಿಲ್. ಇಲ್ಲಿ ಎಲೆ ಉದುರುವ ಕಾಲ,
ಗ್ರಂಥದಲ್ಲಿ ಮಾತ್ರ ವಸಂತ.
ಮೊಂಟೆವಿಡಿಯೋದ ಮೂರನೇ ಮಹಡಿಗೆ
ನದಿಯೋ ಕಡಲೋ ತಿಳಿಯದ ಆ ನೀರಿನ ಕಡೆಯಿಂದ ಗಾಳಿ ಬಂದು
ಒಲೆಯ ನೀಲಿ ಉರಿಯನ್ನು
ಒಂದು ಮಗ್ಗುಲಿಗೆ ಮಲಗಿಸುತ್ತದೆ.

ಕೋಳಿ ಬೆಳಗಿನಿಂದ ಬೇಯುತ್ತಿದೆ
ಕಾಲು ಕತ್ತು ಸಮೇತ.
ಎರಡು ಗಜ್ಜರಿ, ಒಂದು ಹಿಡಿ ಸಬ್ಬಸಿಗೆ,
ಸಿಪ್ಪೆ ಸುಲಿಯದ ಈರುಳ್ಳಿ;
ಸಾರಿಗೆ ಹೊಂಬಣ್ಣ ಕೊಡುವುದು ಆ ಸಿಪ್ಪೆಯೇ.
ನೊರೆ ತೆಗೆಯುವಾಗ ಫೋನ್ ಎತ್ತಬೇಡ
ಅನ್ನುತ್ತಿದ್ದಳು ಗಿಟ್ಲ,
ಸಾರು ಮುನಿಸಿಕೊಳ್ಳುತ್ತದೆ.
ಫೋನ್ ಎರಡು ಸಲ ಬಡಿದುಕೊಂಡಿತು. ಎತ್ತಲಿಲ್ಲ.

ನಾಲ್ಕು ಮೊಟ್ಟೆ.
ಒಡೆದ ಅರ್ಧ ಓಡೇ ಅಳತೆ:
ನಾಲ್ಕು ಓಡು ನೀರು, ಮೂರು ಓಡು ಕೋಳಿಯ ಕೊಬ್ಬು,
ಹುದುಗದ ರೊಟ್ಟಿಯ ಪುಡಿ ಕೈ ಸಾಕೆನ್ನುವಷ್ಟು.
ಬೆಲ್ಟ್ಸಿ ಬಿಟ್ಟು ಬರುವಾಗ ಅಮ್ಮ ಅಳತೆಯ ಲೋಟ ತರಲಿಲ್ಲ.
ಮೊಟ್ಟೆ ಎಲ್ಲ ಊರಲ್ಲೂ ಸಿಗುತ್ತೆ, ಅಂದಳಂತೆ.

ಐವತ್ತೆರಡು ವರ್ಷ ಜಗಳವಾಡಿದೆವು
ಅಕ್ಕ ತಂಗಿ, ಒಂದು ಉಂಡೆಗಾಗಿ.
ನನ್ನ ಕ್ನೇಡ್ಲ ತೇಲುತ್ತವೆ,
ಚಮಚ ತಾಗಿದರೆ ಸಾಕು, ಬಾಯಿ ಬಿಡುತ್ತವೆ.
ಅವಳವು ಸೀದಾ ತಳಕ್ಕೆ.
"ನಿನ್ನದು ಹತ್ತಿ" ಎನ್ನುವಳು.
"ನಿನ್ನದು ಹಡಗಿನ ಲಂಗರು."
"ಅಮ್ಮನದು ಹೀಗೇ ಇತ್ತು ಕಣೇ, ಹಲ್ಲಿಗೆ ಕೆಲಸ ಕೊಡುತ್ತಿತ್ತು."
"ಸುಳ್ಳು. ಅಮ್ಮನದು ಮೋಡ."
ಹಡಗು ಹತ್ತುವಾಗ ಅವಳಿಗೆ ಒಂಬತ್ತು, ನನಗೆ ನಾಲ್ಕು.
ಈ ದಡದಲ್ಲಿ ಅಮ್ಮ ಕಂಡದ್ದು ಎರಡೇ ಪೇಸಖ್.
ಆಮೇಲೆ ಸಾಕ್ಷಿ ಹೇಳುವವರು ಯಾರೂ ಉಳಿಯಲಿಲ್ಲ.

ಹಬ್ಬದ ಮೇಜಿಗೆ ಎರಡು ಪಾತ್ರೆ ಬರುತ್ತಿದ್ದವು.
ಮಕ್ಕಳು ಬಟ್ಟಲು ಹಿಡಿದು
ಅವಳ ಮುಖ ನೋಡುವವು, ನನ್ನ ಮುಖ ನೋಡುವವು,
ಎರಡರಿಂದಲೂ ಒಂದೊಂದು ಹಾಕಿಸಿಕೊಳ್ಳುವವು.
ನನ್ನ ಗಂಡ ಹೆರ್ಷ್‌ಲ್ ಮಾತ್ರ
ಸಾಯುವವರೆಗೂ ಅವಳ ಪಾತ್ರೆಗೇ ಕೈ ಹಾಕಿದ.
ದ್ರೋಹಿ.

ಅಕ್ಟೋಬರಿನಲ್ಲಿ ಗಿಟ್ಲ ಹೋದಳು.

ಈ ಸಲ ಅವಳದನ್ನೇ ಮಾಡೋಣವೆಂದುಕೊಂಡೆ.
ಕೊಬ್ಬು ಒಂದು ಓಡು ಕಡಿಮೆ ಹಾಕಿದೆ,
ಹಿಟ್ಟನ್ನು ತಣ್ಣಗೆ ಮಲಗಲು ಬಿಡಲಿಲ್ಲ,
ಒದ್ದೆ ಅಂಗೈಯಲ್ಲಿ ಒತ್ತಿ ಒತ್ತಿ ಬಿಗಿದೆ.
ಬೇಯುವಾಗ ಮುಚ್ಚಳ ತೆಗೆಯಬಾರದು;
ಬೇಕೆಂದೇ ಮೂರು ಸಲ ತೆಗೆದೆ.

ತೇಲಿದವು.
ಈಜುಕೊಳಕ್ಕೆ ಇಳಿದ ಬೊಕ್ಕತಲೆಯ ಮುದುಕರ ಹಾಗೆ
ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ನಿಶ್ಚಿಂತೆಯಿಂದ.
ಏನು ಮಾಡಲಿ, ಕೈಗೆ ಬೇರೆ ದಾರಿ ಗೊತ್ತಿಲ್ಲ.
ಎಣಿಸಿದೆ: ಹನ್ನೊಂದು.
ಮಾಡಿದ್ದು ಹನ್ನೆರಡಲ್ಲವೇ?
ಸೌಟು ಇಳಿಸಿ ತಡಕಿದೆ.
ತಳದಲ್ಲಿ, ಕೋಳಿಕಾಲಿನ ಪಕ್ಕ, ಕೂತಿತ್ತು
ಮಾತು ಬಿಟ್ಟವಳ ಹಾಗೆ.

ಒಲೆಯ ಮುಂದೆ ನಿಂತೇ ತಿಂದೆ.
ನಾಲಿಗೆ ಸುಟ್ಟಿತು. ಹಲ್ಲಿಗೆ ಕೆಲಸವಿತ್ತು.
ಎರಡನೆಯ ತುತ್ತಿಗೆ ಎಲ್ಲಿಂದಲೋ
ಒಂದು ಮರದ ಬೆಂಚು, ಒದ್ದೆ ಉಣ್ಣೆಯ ವಾಸನೆ,
ಊದಿ ಆರಿಸುತ್ತಿರುವ ಯಾರದೋ ಬಾಯಿ...
ನುಂಗಿದೆ. ಹೋಯಿತು.
ಅವಳು ಹೇಳಿದ್ದೇ ನಿಜವಿದ್ದೀತೇ?
ಇದ್ದರೂ ಇರಬಹುದು. ಇನ್ನೊಂದು ಮುಳುಗಿದ್ದರೆ
ಖಚಿತವಾಗಿ ಹೇಳುತ್ತಿದ್ದೆ.

ಬಾಗಿಲು ಬಡಿದ ಸದ್ದು. ಕೆಳಮನೆಯ ಹುಡುಗ ವಾಷಿಂಗ್ಟನ್,
ಕಂಕುಳಲ್ಲಿ ಮಾತೆಯ ಫ್ಲಾಸ್ಕು,
ಪ್ರತಿವರ್ಷ ಕುರ್ಚಿ ಹೊತ್ತು ತರುವವನು ಅವನೇ.
"ಈ ಸಲ ಎಷ್ಟು ಬೇಕು, ದೋನ್ಯಾ ಜ್ಲಾಟಾ?"
ಹೋದ ವರ್ಷದಷ್ಟೇ, ಅಂದೆ.
ಅವನು ಬೆರಳು ಮಡಿಸಿ ಏನೋ ಎಣಿಸಿದ,
ಸುಮ್ಮನೆ ಮೆಟ್ಟಿಲಿಳಿದು ಹೋದ.

ಸಾರಿಗೆ ಉಪ್ಪು ಸಾಲದು.